ಊರಿನ ಮಳೆ, ಊರಿನ ಲೆಕ್ಕ: ನಿಮ್ಮೂರಲ್ಲೊಂದು ವಿಜ್ಞಾನ ಗುಂಪು ಕಟ್ಟುವ ಬಗೆ

ಫೆಬ್ರವರಿ 28 ಬಂತೆಂದರೆ ಶಾಲೆಗಳಲ್ಲಿ ಸಡಗರ. ರಾಮನ್ ಫೋಟೋಗೆ ಹಾರ, ಥರ್ಮೋಕೋಲಿನ ಜ್ವಾಲಾಮುಖಿ, ಅತಿಥಿಗಳ ಭಾಷಣ, ಗೆದ್ದ ಮಕ್ಕಳಿಗೆ ಸ್ಟೀಲ್ ಲೋಟ. ಸಿ.ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು ಕಂಡುಕೊಂಡದ್ದು 1928ರ ಆ ದಿನ. 1987ರಿಂದ ಅದನ್ನು ದೇಶವೆಲ್ಲ ವಿಜ್ಞಾನ ದಿನವಾಗಿ ಆಚರಿಸುತ್ತಿದೆ. ಆಚರಣೆ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಮಾರ್ಚ್ ಒಂದನೇ ತಾರೀಖು ಬೆಳಿಗ್ಗೆ ಜ್ವಾಲಾಮುಖಿ ಕಸದ ಬುಟ್ಟಿಗೆ ಹೋಗುತ್ತದೆ, ಮುಂದಿನ ಫೆಬ್ರವರಿವರೆಗೆ ಯಾರೂ ಏನನ್ನೂ ಅಳೆಯುವುದಿಲ್ಲ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯ ಅಂತ 1976ರಲ್ಲೇ ಸಂವಿಧಾನಕ್ಕೆ ಸೇರಿಸಿದ್ದಾರೆ. ಅದನ್ನು ಬೆಳೆಸಿಕೊಳ್ಳುವುದು ಹೇಗೆ ಅಂತ ಮಾತ್ರ ಅಲ್ಲಿ ಬರೆದಿಲ್ಲ.

ನನ್ನ ಪ್ರಕಾರ ಅದಕ್ಕೆ ಒಂದೇ ದಾರಿ. ಭಾಷಣ ಕಮ್ಮಿ ಮಾಡಿ, ಊರವರಿಗೇ ಬೇಕಾದ ಒಂದು ಪ್ರಶ್ನೆ ಹಿಡಿದು, ವರ್ಷಪೂರ್ತಿ ಅಳೆದು ಬರೆದಿಡುವುದು. ಚಿಕ್ಕಮಗಳೂರು ಜಿಲ್ಲೆಯವರಿಗೆ ಇದು ಬೇರೆಯವರಿಗಿಂತ ಸುಲಭ. ಯಾಕೆಂದರೆ ಇಲ್ಲಿ ಅಳೆಯುವ ಚಟ ಮೊದಲಿಂದಲೇ ಇದೆ. ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆ ಜೂನ್ ತಿಂಗಳಲ್ಲಿ ಇಬ್ಬರು ಎದುರಾದರೆ ಮೊದಲ ಮಾತು ‘ಊಟ ಆಯ್ತಾ’ ಅಲ್ಲ, ‘ನಿಮ್ಮಲ್ಲಿ ಎಷ್ಟಾಯ್ತು?’ ಅನ್ನುವುದು. ‘ಎರಡು ಇಂಚು ನಲವತ್ತೈದು ಸೆಂಟು’ ಅಂತ ಉತ್ತರ ಬರುತ್ತದೆ. ಏನು ಎಷ್ಟಾಯ್ತು ಅಂತ ಯಾರೂ ಕೇಳುವುದಿಲ್ಲ. ಹಳೆಯ ಎಸ್ಟೇಟುಗಳಲ್ಲಿ ತಲೆಮಾರುಗಳ ಮಳೆ ಪುಸ್ತಕ ಇರುತ್ತದೆ. ಅದನ್ನು ತೆರೆದು ಪ್ರಶ್ನೆ ಕೇಳಿದವರು ಮಾತ್ರ ಕಮ್ಮಿ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಮಳೆಯನ್ನೇ ಹಿಡಿದುಕೊಂಡಿದ್ದೇನೆ. ಸಕಲೇಶಪುರದವರಿಗೂ ಇದು ಹಾಗೇ ಹೊಂದುತ್ತದೆ. ಕಡೂರು, ತರೀಕೆರೆ ಕಡೆಯವರಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಪ್ರಶ್ನೆ, ಆಮೇಲೆ ಸಂಘ

ನಮ್ಮಲ್ಲಿ ಸಾಮಾನ್ಯವಾಗಿ ಉಲ್ಟಾ ಆಗುತ್ತದೆ. ಮೊದಲು ಸಂಘ, ಅಧ್ಯಕ್ಷರು, ಲೆಟರ್‌ಹೆಡ್, ಉದ್ಘಾಟನೆಗೆ ಶಾಸಕರು. ಆಮೇಲೆ ಏನು ಮಾಡೋದು ಅಂತ ಯೋಚನೆ. ಇದನ್ನು ತಿರುಗಿಸಿ. ಪ್ರಶ್ನೆ ಸಿಕ್ಕರೆ ಜನ ತಾವಾಗೇ ಬರುತ್ತಾರೆ.

ಎಂಥ ಪ್ರಶ್ನೆ? ಅದಕ್ಕೆ ಉತ್ತರ ಎಣಿಸಿಯೋ ಅಳೆದೋ ಸಿಗಬೇಕು. ಒಂದು ಹಂಗಾಮು ಅಥವಾ ಒಂದು ವರ್ಷದಲ್ಲಿ ಮುಗಿಯಬೇಕು. ಮುಖ್ಯವಾಗಿ, ಉತ್ತರ ಏನೇ ಬಂದರೂ ಒಪ್ಪಿಕೊಳ್ಳುವ ಮನಸ್ಸು ನಿಮಗಿರಬೇಕು. ‘ಹವಾಮಾನ ಬದಲಾವಣೆಯಿಂದ ಮಲೆನಾಡಿಗೆ ಏನಾಗುತ್ತಿದೆ?’ ಅನ್ನುವುದು ದೊಡ್ಡ ಪ್ರಶ್ನೆ, ನಿಜ, ಆದರೆ ನಿಮ್ಮ ಗುಂಪಿನ ಕೈಗೆ ಎಟುಕುವುದಿಲ್ಲ. ‘ನಮ್ಮೂರಿನ ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಬೀಳುವ ಮಳೆಯಲ್ಲಿ ವ್ಯತ್ಯಾಸ ಇದೆಯಾ?’ ಅನ್ನುವುದು ಎಟುಕುತ್ತದೆ. ‘ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದು ಎಷ್ಟು ದಿನಕ್ಕೆ ರೋಬಸ್ಟಾ ಕಾಫಿ ಅರಳಿತು?’, ‘ಅರಳಿದ ದಿನ ಒಂದು ಗಿಡಕ್ಕೆ ಹತ್ತು ನಿಮಿಷದಲ್ಲಿ ಎಷ್ಟು ಜೇನ್ನೊಣ ಬಂದವು?’ ಇವೂ ಒಳ್ಳೆಯ ಪ್ರಶ್ನೆಗಳೇ. ಅರೇಬಿಕಾ ಕಾಫಿ ತನ್ನ ಪರಾಗದಲ್ಲೇ ಕಾಯಿ ಕಟ್ಟಿಕೊಳ್ಳುತ್ತದೆ, ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕು. ಹಾಗಾಗಿ ಜೇನಿನ ಲೆಕ್ಕ ರೋಬಸ್ಟಾ ತೋಟದವರಿಗೆ ಬರೀ ಕುತೂಹಲದ ವಿಷಯವಲ್ಲ.

ನಮ್ಮೂರವರಿಗೆ ಸಂಶೋಧನೆಯೆಲ್ಲ ಯಾಕೆ ಅಂತ ಯಾರಾದರೂ ಮೂಗೆಳೆದರೆ ಕೆಂಟ್ಸ್ ಕಾಫಿಯ ಕತೆ ಹೇಳಿ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸೀಮೆಯ ತೋಟವೊಂದರಲ್ಲಿ ಕೆಂಟ್ ಎಂಬ ಪ್ಲಾಂಟರ್, ಎಲೆ ತುಕ್ಕು ರೋಗಕ್ಕೆ ಬಗ್ಗದೆ ನಿಂತಿದ್ದ ಗಿಡವನ್ನು ಗಮನಿಸಿ ಅದರ ಬೀಜ ಉಳಿಸಿದ. ಮುಂದೆ ಅದಕ್ಕೂ ರೋಗ ತಗುಲಿತು. ಆದರೆ ಅಷ್ಟರಲ್ಲಿ ಅದು ಎಸ್ 795 ತಳಿಗೆ ಒಂದು ಕಡೆಯ ತಾಯಿಬೇರಾಗಿತ್ತು. ಆ ಎಸ್ 795 ಇವತ್ತಿಗೂ ನಮ್ಮ ಅರೇಬಿಕಾ ತೋಟಗಳಲ್ಲಿದೆ. ಇನ್ನೊಂದು ಉದಾಹರಣೆ ಅಡಿಕೆಯದು. ಕೆನಡಾದಿಂದ ಬಂದು ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆ ರೋಗದ ಬೆನ್ನು ಹತ್ತಿ, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಾಸ ಮಾಡಿ, ಬೋರ್ಡೋ ದ್ರಾವಣ ಹೊಡೆಯುವುದನ್ನು ರೈತರಿಗೆ ಹೇಳಿಕೊಟ್ಟರು. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ಶುರುವಾದದ್ದೂ ಅವರು ಕೃಷಿ ಇಲಾಖೆಯ ನಿರ್ದೇಶಕರಾಗಿದ್ದಾಗಲೇ. ಅದೇ ಈಗಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ.

ಬೋರ್ಡೋ ವಿಷಯ ಬಂದಿದ್ದರಿಂದ ಒಂದು ಮಾತು. ಕೊಳೆ ಔಷಧಿ ಕಲಸುವವರನ್ನು ಹತ್ತಿರದಿಂದ ನೋಡಿ. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾರೆ. ಆಮೇಲೆ ಒಂದು ಕಬ್ಬಿಣದ ಚಾಕು ಅದ್ದಿ ತೆಗೆಯುತ್ತಾರೆ. ಚಾಕುವಿನ ಮೇಲೆ ಕೆಂಪು ಬಣ್ಣ ಹಿಡಿದರೆ ತಾಮ್ರ ಜಾಸ್ತಿಯಾಗಿದೆ ಅಂತ ಅರ್ಥ, ಇನ್ನಷ್ಟು ಸುಣ್ಣ ಬೇಕು. ಹೊಳಪು ಹಾಗೇ ಉಳಿದರೆ ಹೊಡೆಯಬಹುದು. ಅಂದಾಜು ಮಾಡಿ ಸುಮ್ಮನಾಗದೆ, ಪರೀಕ್ಷೆ ಮಾಡಿ ಫಲಿತಾಂಶ ನೋಡಿ ಸರಿಪಡಿಸುವುದು. ಇದನ್ನು ಯಾರೂ ವಿಜ್ಞಾನ ಅಂತ ಕರೆಯುವುದಿಲ್ಲ. ನಿಮ್ಮ ಮೊದಲ ಸಭೆಯನ್ನು ಸ್ಲೈಡ್ ಶೋ ಬದಲು ಈ ಚಾಕುವಿನಿಂದ ಶುರು ಮಾಡಿದರೆ ತೋಟದ ಕೆಲಸದವರೂ ಮಾತಿಗೆ ಸೇರುತ್ತಾರೆ. ಅವರೇ ಮೇಷ್ಟ್ರಾಗುತ್ತಾರೆ.

ಯಾರನ್ನು ಕರೆಯಬೇಕು

ಐದರಿಂದ ಎಂಟು ಜನ ಸಾಕು. ಹೈಸ್ಕೂಲಿನ ವಿಜ್ಞಾನ ಶಿಕ್ಷಕರು ಒಬ್ಬರು, ಪಿಯುಸಿ ಅಥವಾ ಡಿಗ್ರಿ ಓದುವ ಇಬ್ಬರು, ಎಸ್ಟೇಟಿನ ರೈಟರ್ ಒಬ್ಬರು, ಹಾಲಿನ ಡೈರಿಯ ಕಾರ್ಯದರ್ಶಿ, ಆಶಾ ಕಾರ್ಯಕರ್ತೆ. ರೈಟರ್ ಮತ್ತು ಡೈರಿ ಕಾರ್ಯದರ್ಶಿ ಯಾಕೆ ಅಂದರೆ, ಇಬ್ಬರೂ ದಿನಾ ಬೆಳಿಗ್ಗೆ ಅಂಕಿ ಬರೆದೇ ಬದುಕುವವರು. ವಿಜ್ಞಾನದ ಡಿಗ್ರಿ ಇರುವ, ಆದರೆ ಸಮಯಕ್ಕೆ ಬಾರದವರಿಗಿಂತ ಇವರು ನೂರು ಪಾಲು ಮೇಲು. ಆಶಾ ಕಾರ್ಯಕರ್ತೆಯರಿಗೆ ಪ್ರತಿ ಮನೆಯ ಬಾಗಿಲು ಗೊತ್ತು. ಹೆಂಗಸರು ಇಲ್ಲದ ಗುಂಪಿಗೆ ಊರಿನ ಅರ್ಧ ಪ್ರಶ್ನೆಗಳು ಬರುವುದೇ ಇಲ್ಲ.

ಸೇರುವ ಜಾಗ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ಆಗಬಹುದು. ಯಾರದೋ ಮನೆ ಜಗಲಿ ಬೇಡ. ಅಲ್ಲಿಗೆ ಎಲ್ಲರೂ ಬರಲಾರರು. ತಿಂಗಳಿಗೊಮ್ಮೆ, ಒಂದು ಗಂಟೆ. ಹೆಸರು, ಬ್ಯಾನರ್ ಎಲ್ಲ ಮುಂದಿನ ವರ್ಷ ನೋಡಿಕೊಳ್ಳಿ.

ಮಾಪಕ ಮಾಡಿಕೊಳ್ಳುವುದು

ಎರಡು ಲೀಟರಿನ ತಂಪು ಪಾನೀಯದ ಬಾಟಲಿ ತಗೊಂಡು, ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ, ಮುಚ್ಚಳ ತೆಗೆದು, ತಲೆಕೆಳಗಾಗಿ ಒಳಗೆ ಕೂರಿಸಿದರೆ ಮಳೆ ಮಾಪಕ ಆಯಿತು. ಬುಡ ಉಬ್ಬುತಗ್ಗಾಗಿರುತ್ತದೆ. ಅಲ್ಲಿ ನಾಲ್ಕು ಬೆಣಚುಕಲ್ಲು ಹಾಕಿ, ಗೋಡೆ ನೇರವಾಗುವವರೆಗೆ ನೀರು ತುಂಬಿ, ಅಲ್ಲಿಗೆ ಸೊನ್ನೆ ಗೆರೆ ಎಳೆಯಿರಿ. ಅಲ್ಲಿಂದ ಮೇಲೆ ಒಂದು ಸ್ಕೇಲ್ ಅಂಟಿಸಿ. ಬಾಯಿಯೂ ಗೋಡೆಯೂ ಒಂದೇ ಅಗಲ ಇರುವುದರಿಂದ ಸ್ಕೇಲಿನಲ್ಲಿ ಕಂಡಷ್ಟು ಮಿಲಿಮೀಟರೇ ಮಳೆ. ಪ್ರತಿ ದಿನ ಚೆಲ್ಲಿ ಮತ್ತೆ ಸೊನ್ನೆ ಗೆರೆಗೆ ನೀರು ತುಂಬಿಡಬೇಕು. ಬಿಸಿಲಿದ್ದ ದಿನವೂ ಇದನ್ನು ಮರೆಯಬಾರದು, ಯಾಕೆಂದರೆ ಆವಿಯಾಗಿ ಗೆರೆಯಿಂದ ಕೆಳಗಿಳಿದಿರುತ್ತದೆ.

ಕಡೂರಿಗೆ ಇದು ಸಾಕು. ಕಳಸಕ್ಕೂ ಕೊಟ್ಟಿಗೆಹಾರಕ್ಕೂ ಸಾಲದು. ಜುಲೈಯಲ್ಲಿ ಒಂದೇ ರಾತ್ರಿಗೆ ತುಂಬಿ ಹೊರಗೆ ಹರಿದರೆ ಆ ದಿನದ ಲೆಕ್ಕ ಹೋದಂತೆ. ಘಟ್ಟದ ಕಡೆಯವರು ಲಾಳಿಕೆ ಮತ್ತು ಕ್ಯಾನ್ ಬಳಸಿ. ಒಳ ಅಂಚಿನಿಂದ ಒಳ ಅಂಚಿಗೆ ಸರಿಯಾಗಿ 20 ಸೆಂಟಿಮೀಟರ್ ಅಗಲದ ಲಾಳಿಕೆ, ಅದರ ಕೆಳಗೆ 10 ಲೀಟರಿನ ಕ್ಯಾನ್. ಆ ಬಾಯಿಯ ವಿಸ್ತಾರ 314 ಚದರ ಸೆಂಟಿಮೀಟರ್. ಅಂದರೆ 1 ಮಿಲಿಮೀಟರ್ ಮಳೆಗೆ 31.4 ಮಿಲಿಲೀಟರ್ ನೀರು ಸೇರುತ್ತದೆ. ಕ್ಯಾನಿನ ನೀರನ್ನು ಅಳತೆ ಜಾರಿನಲ್ಲಿ ಅಳೆದು 31.4ರಿಂದ ಭಾಗಿಸಿ. 2 ಲೀಟರ್ ಸಿಕ್ಕರೆ ಸುಮಾರು 64 ಮಿಲಿಮೀಟರ್. ಕ್ಯಾನ್ ತುಂಬಿ ಹರಿಯಬೇಕಾದರೆ 300 ಮಿಲಿಮೀಟರ್ ದಾಟಬೇಕು. ಆಳವಿಲ್ಲದ ಲಾಳಿಕೆಯಿಂದ ದಪ್ಪ ಹನಿಗಳು ಸಿಡಿದು ಹೊರಗೆ ಹೋಗುತ್ತವೆ. ಅದಕ್ಕೆ ಅಂಚಿಗೆ ನಾಲ್ಕು ಬೆರಳೆತ್ತರದ ತಗಡಿನ ಪಟ್ಟಿ ಸುತ್ತಿಸಿಕೊಳ್ಳಿ. ಈ ಭಾಗಾಕಾರವನ್ನು ಎಂಟನೇ ಕ್ಲಾಸಿನ ಮಕ್ಕಳ ಕೈಯಲ್ಲೇ ಮಾಡಿಸಿ. ವೃತ್ತದ ವಿಸ್ತೀರ್ಣ ಯಾಕೆ ಕಲಿಯಬೇಕು ಅಂತ ಕೇಳುವ ಹುಡುಗರಿಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ.

ಇಡುವ ಜಾಗದಲ್ಲೇ ಬಹಳ ಜನ ಎಡವುತ್ತಾರೆ. ಮಾಪಕದ ಬಾಯಿ ನೆಲದಿಂದ ಸುಮಾರು 30 ಸೆಂಟಿಮೀಟರ್ ಮೇಲಿರಬೇಕು. ಹತ್ತಿರದ ಮರವೋ ಮನೆಯೋ ಎಷ್ಟು ಎತ್ತರವೋ, ಕಡೇ ಪಕ್ಷ ಅದರ ಎರಡರಷ್ಟು ದೂರದಲ್ಲಿರಬೇಕು. 60 ಅಡಿಯ ಸಿಲ್ವರ್ ಓಕ್ ಇದ್ದರೆ 120 ಅಡಿ ದೂರ. ಕಾಫಿ ತೋಟದೊಳಗೆ ಅಂಥ ಜಾಗ ಎಲ್ಲಿಂದ ಬರಬೇಕು, ಅಲ್ವಾ? ಕಾಫಿ ಕಣದ ಅಂಚು ಅಥವಾ ಶಾಲೆಯ ಮೈದಾನ ಸರಿ. ಕಣದ ಸಿಮೆಂಟಿನ ಮೇಲೇ ಇಡಬೇಡಿ, ನೆಲಕ್ಕೆ ಬಿದ್ದ ಹನಿ ಚಿಮ್ಮಿ ಒಳಗೆ ಬರುತ್ತದೆ. ಪಕ್ಕದ ಹುಲ್ಲಿನ ಮೇಲಿಡಿ. ಸುತ್ತ ದನ ನುಗ್ಗದ ಹಾಗೆ ನಾಲ್ಕು ಗೂಟ.

ಮೊದಲ ಒಂದು ವಾರ ಎರಡು ಮಾಪಕಗಳನ್ನು ಮಾರು ದೂರದಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ಅಂಕಿ ತೋರಿಸುವುದಿಲ್ಲ. ಆ ವ್ಯತ್ಯಾಸವನ್ನು ಪುಸ್ತಕದಲ್ಲಿ ಬರೆದಿಡಿ. ಮುಂದೆ ಮೇಲಿನ ಕೇರಿ, ಕೆಳಗಿನ ಕೇರಿ ಅಂತ ಹೋಲಿಸುವಾಗ, ಅಕ್ಕಪಕ್ಕ ಇಟ್ಟಾಗಲೇ ಬರುವ ವ್ಯತ್ಯಾಸಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಅದು ಹೇಳುವಂಥ ಸುದ್ದಿ. ಈ ಒಂದು ವಾರದ ಕೆಲಸವನ್ನು ಹಾರಿಸಿದ ಗುಂಪು ವರ್ಷದ ಕೊನೆಗೆ ಜಗಳ ಆಡುತ್ತದೆ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾವೇ ಅಂಕಿ ಕಳಿಸುವ ಮಳೆ ಮಾಪಕಗಳನ್ನು ಇಟ್ಟಿದ್ದಾರೆ. ನಿಮ್ಮ ಪಂಚಾಯಿತಿಯದು ಎಲ್ಲಿದೆ ಅಂತ ಹೋಗಿ ನೋಡಿ ಬನ್ನಿ. ಹೋಲಿಸಿ ನೋಡಲು ಅದು ಬೇಕಾಗುತ್ತದೆ.

ಪುಸ್ತಕ ಬರೆಯುವ ಕ್ರಮ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಗಟ್ಟಿ ರಟ್ಟಿನ ಉದ್ದ ಪುಸ್ತಕ ತಗೊಳ್ಳಿ. ಬಿಡಿ ಹಾಳೆ ಬೇಡ, ಮೊಬೈಲಿನಲ್ಲಿ ಮಾತ್ರ ಬರೆಯುವುದೂ ಬೇಡ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದ ಊರು ನಮ್ಮದು. ಬಾಲ್ ಪೆನ್ನು ಅಥವಾ ಪೆನ್ಸಿಲ್. ಇಂಕ್ ಪೆನ್ನಿನ ಅಕ್ಷರ ಒಂದು ಹನಿ ಬಿದ್ದರೆ ಹರಡಿ ಹೋಗುತ್ತದೆ.

ದಿನಾ ಬೆಳಿಗ್ಗೆ 8.30ಕ್ಕೆ ಅಳೆಯಿರಿ. ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಅಳೆಯುತ್ತಾರೆ, ಹಾಗಾಗಿ ನಿಮ್ಮ ಅಂಕಿಯನ್ನು ಅವರದರ ಜೊತೆ ಹೋಲಿಸಬಹುದು. ಮಂಗಳವಾರ ಬೆಳಿಗ್ಗೆ ಅಳೆದದ್ದು ಸೋಮವಾರ 8.30ರಿಂದ ಬಿದ್ದ ಮಳೆ. ಅದನ್ನು ಮಂಗಳವಾರದ ತಾರೀಖಿಗೇ ಬರೆಯಬೇಕು. ಇದೊಂದನ್ನು ಮೊದಲ ದಿನವೇ ಎಲ್ಲರೂ ಒಪ್ಪಿಕೊಳ್ಳಿ.

ಅಂಕಣಗಳು: ತಾರೀಖು, ಗಂಟೆ, ಮಳೆ, ಅಳೆದವರ ಹೆಸರು, ಷರಾ. ಷರಾ ಅಂಕಣವನ್ನು ಅಗಲ ಬಿಡಿ. ‘ಲಾಳಿಕೆಗೆ ಎಲೆ ಸಿಕ್ಕಿಕೊಂಡಿತ್ತು’, ‘ನಾಯಿ ಉರುಳಿಸಿದೆ’, ‘ಆಲಿಕಲ್ಲು’, ‘ಇವತ್ತು ಕಾಫಿ ಹೂ ಬಿಟ್ಟಿದೆ’, ಇಂಥವು ಐದು ವರ್ಷ ಕಳೆದ ಮೇಲೆ ಚಿನ್ನ.

ಮಳೆ ಬಾರದ ದಿನ ‘0’ ಬರೆಯಿರಿ. ಅಳೆಯದ ದಿನ ‘ನೋಡಿಲ್ಲ’ ಅಂತ ಬರೆಯಿರಿ. ಎರಡೂ ಬೇರೆ. ಖಾಲಿ ಬಿಟ್ಟರೆ ಯಾವುದು ಯಾವುದೆಂದು ಮುಂದೆ ದೇವರಿಗೂ ಗೊತ್ತಾಗುವುದಿಲ್ಲ. ಎರಡು ದಿನ ನೋಡದೆ ಮೂರನೇ ದಿನ ಅಳೆದರೆ ‘ಮೂರು ದಿನದ್ದು ಸೇರಿ’ ಅಂತ ಬರೆಯಿರಿ, ಮೂರರಿಂದ ಭಾಗಿಸಿ ಹಂಚಬೇಡಿ. ತಪ್ಪು ಬರೆದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದು. ವೈಟ್ನರ್ ಹತ್ತಿರಕ್ಕೂ ಬರಬಾರದು. ನೆನಪಿನಿಂದ ತುಂಬಿದ ಒಂದು ಅಂಕಿ ಇಡೀ ಪುಟವನ್ನು ಅನುಮಾನಕ್ಕೆ ತಳ್ಳುತ್ತದೆ. ಅಳೆದದ್ದು ಮಾತ್ರ ಬರೆಯಬೇಕು, ಅಳೆಯದ್ದನ್ನು ಅಳೆದಿಲ್ಲ ಅಂತ ಧೈರ್ಯವಾಗಿ ಬರೆಯಬೇಕು. ಇದು ಅಭ್ಯಾಸವಾದ ಹುಡುಗಿ ನಾಳೆ ಯಾವ ಪ್ರಯೋಗಾಲಯಕ್ಕೆ ಹೋದರೂ ಅಲ್ಲಿಯ ಕೆಲಸ ಅವಳಿಗೆ ಹೊಸದಾಗಿರುವುದಿಲ್ಲ.

ಹಬ್ಬಕ್ಕೆ, ಮದುವೆಗೆ ಹೋಗುವವರು ಯಾರಿಗೆ ವಹಿಸಿ ಹೋಗಬೇಕು ಅಂತ ಮೊದಲೇ ಗೊತ್ತುಮಾಡಿ. ಗುಂಪು ಸೋಲುವುದು ಯಾವಾಗಲೂ ಏಪ್ರಿಲ್, ಮೇ ತಿಂಗಳ ಮದುವೆ ಸೀಸನ್ನಿನಲ್ಲೇ.

ಹಳೆ ಮಳೆ ಪುಸ್ತಕ ತೆರೆಯುವುದು

ನಿಮ್ಮ ಮಾಪಕ ಓಡುತ್ತಿರಲಿ. ಅಷ್ಟರಲ್ಲಿ ಸುತ್ತಮುತ್ತಲ ಎಸ್ಟೇಟುಗಳ ಹಳೆ ಪುಸ್ತಕ ಕೇಳಿ. ಕೊಡಿ ಅನ್ನಬೇಡಿ, ‘ಇಲ್ಲೇ ಕೂತು ಫೋಟೋ ತೆಗೆದುಕೊಳ್ಳುತ್ತೇವೆ’ ಅನ್ನಿ. ಬೆಳೆ, ಸಂಬಳ, ಸಾಲದ ವಿಷಯ ಅದೇ ಪುಸ್ತಕದಲ್ಲಿ ಇರಬಹುದು. ಮಳೆ ಪುಟ ಬಿಟ್ಟು ಬೇರೆ ಮುಟ್ಟುವುದಿಲ್ಲ ಅಂತ ಮೊದಲೇ ಹೇಳಿ, ಹಾಗೇ ನಡೆದುಕೊಳ್ಳಿ.

ಹಳೆ ಪುಟದಲ್ಲಿ ‘2-45’ ಅಂತಿದ್ದರೆ ಎರಡು ಇಂಚು ನಲವತ್ತೈದು ಸೆಂಟು. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು. 2.45ನ್ನು 25.4ರಿಂದ ಗುಣಿಸಿದರೆ 62.2 ಮಿಲಿಮೀಟರ್. ಮೂಲ ಅಂಕಿಯನ್ನು ಹಾಗೇ ಇಟ್ಟು, ಪಕ್ಕದ ಅಂಕಣದಲ್ಲಿ ಮಿಲಿಮೀಟರ್ ಬರೆಯಿರಿ.

ಆಮೇಲೆ ಪತ್ತೇದಾರಿ ಕೆಲಸ. ಭಾನುವಾರಗಳೆಲ್ಲ ಸೊನ್ನೆ, ಸೋಮವಾರ ಮಾತ್ರ ಸಿಕ್ಕಾಪಟ್ಟೆ ಮಳೆ ಕಂಡರೆ, ಮಳೆರಾಯನಿಗೆ ಭಾನುವಾರ ರಜೆ ಅಂತಲ್ಲ, ರೈಟರಿಗೆ ರಜೆ ಅಂತ ಅರ್ಥ. ತಿಂಗಳ ಮೊತ್ತ ಸರಿಯಿರುತ್ತದೆ, ದಿನದ ಲೆಕ್ಕ ನಂಬಬಾರದು. ಒಂದು ವರ್ಷದಿಂದ ಇದ್ದಕ್ಕಿದ್ದಂತೆ ಮಳೆ ಕಮ್ಮಿಯಾಗಿ ಹಾಗೇ ಮುಂದುವರಿದಿದ್ದರೆ, ಮಾಪಕದ ಜಾಗ ಬದಲಾಯಿತಾ, ಪಕ್ಕದ ಮರ ಬೆಳೆದು ಮೇಲೆ ಚಾಚಿತಾ ಅಂತ ಹಳಬರನ್ನು ಕೇಳಿ. ಹವಾಮಾನ ಬದಲಾಯಿತು ಅನ್ನುವುದಕ್ಕೆ ಮುಂಚೆ ಈ ಪ್ರಶ್ನೆಗಳಿಗೆ ಉತ್ತರ ಸಿಗಬೇಕು.

ಗಾದೆಯೊಂದನ್ನು ಪರೀಕ್ಷೆಗೆ ಒಡ್ಡುವುದು

‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ.’ ಎಲ್ಲರಿಗೂ ಗೊತ್ತಿರುವ ಗಾದೆ. ಇದನ್ನು ಹಿಡಿದು ಊರಿನ ಹಿರಿಯರ ಹತ್ತಿರ ಹೋಗಿ. ಹೋಗುವ ಧಾಟಿ ಮುಖ್ಯ. ‘ಇದೆಲ್ಲ ಮೂಢನಂಬಿಕೆ’ ಅಂತ ಶುರು ಮಾಡಿದರೆ ಕಾಫಿಯೂ ಸಿಗುವುದಿಲ್ಲ, ಪುಸ್ತಕವೂ ಸಿಗುವುದಿಲ್ಲ. ಹೀಗೆ ಕೇಳಬಹುದು:

‘ದೊಡ್ಡಪ್ಪ, ಭರಣಿ ಬಂದ ವರ್ಷ ನಿಜವಾಗ್ಲೂ ಬೆಳೆ ಜಾಸ್ತಿನಾ?’

‘ಹೌದು ಕಣೋ, ನಮ್ಮಪ್ಪನ ಕಾಲದಿಂದ ನೋಡ್ತಾ ಬಂದಿದ್ದೀನಿ.’

‘ಹಂಗಾದ್ರೆ ನಿಮ್ಮ ಮಳೆ ಪುಸ್ತಕ ತೆಗೀರಿ, ಇಬ್ಬರೂ ಸೇರಿ ನೋಡೇ ಬಿಡೋಣ.’

ಈಗ ಪುಸ್ತಕ ತೆರೆಯುವ ಮುಂಚೆ ಎರಡು ವಿಷಯ ಬರೆದಿಡಬೇಕು. ಒಂದು, ‘ಭರಣಿ ಬಂತು’ ಅಂದರೆ ಎಷ್ಟು? ಭರಣಿ ಸುಮಾರು ಏಪ್ರಿಲ್ 27ರಿಂದ ಮೇ 10ರವರೆಗೆ. ಆ ಎರಡು ವಾರದಲ್ಲಿ ಒಟ್ಟು ಒಂದು ಇಂಚಾದರೂ ಬಿದ್ದರೆ ಬಂತು ಅಂತ ಇಟ್ಟುಕೊಳ್ಳೋಣ. ಎರಡು, ‘ಬೆಳೆ’ ಅಂದರೆ ಯಾವ ಬೆಳೆ, ಎಷ್ಟಾದರೆ ಒಳ್ಳೆ ಬೆಳೆ? ಇದನ್ನು ಅಂಕಿ ನೋಡಿದ ಮೇಲೆ ತೀರ್ಮಾನಿಸಿದರೆ, ನಮಗೆ ಬೇಕಾದ ಉತ್ತರಕ್ಕೆ ತಕ್ಕ ಹಾಗೆ ಅಳತೆಗೋಲು ಎಳೆದಾಡುತ್ತೇವೆ. ಬೇಕಂತಲೇ ಅಲ್ಲ, ಗೊತ್ತಿಲ್ಲದೇ.

ಒಂದು ಹಾಳೆಯಲ್ಲಿ ನಾಲ್ಕು ಮನೆ ಎಳೆಯಿರಿ. ಭರಣಿ ಬಂದು ಬೆಳೆ ಚೆನ್ನಾಗಿದ್ದ ವರ್ಷಗಳು, ಭರಣಿ ಬಂದೂ ಬೆಳೆ ಕೈಕೊಟ್ಟ ವರ್ಷಗಳು, ಬಾರದಿದ್ದರೂ ಬೆಳೆ ಚೆನ್ನಾಗಿದ್ದವು, ಬಾರದೆ ಬೆಳೆಯೂ ಇಲ್ಲದವು. ಪ್ರತಿ ವರ್ಷಕ್ಕೂ ಒಂದು ಮನೆಯಲ್ಲಿ ಗೀಟು. ಲೆಕ್ಕ ಅರ್ಥವಾಗಲೆಂದು ಕಲ್ಪಿಸಿದ ಅಂಕಿ ಕೊಡುತ್ತೇನೆ. 30 ವರ್ಷದ ಪುಸ್ತಕದಲ್ಲಿ ಭರಣಿ ಬಂದದ್ದು 20 ವರ್ಷ, ಅದರಲ್ಲಿ 12 ವರ್ಷ ಒಳ್ಳೆ ಬೆಳೆ. ದೊಡ್ಡಪ್ಪನ ನೆನಪಿನಲ್ಲಿ ಉಳಿದಿರುವುದು ಈ ಹನ್ನೆರಡೇ. ಆದರೆ ಭರಣಿ ಬಾರದ 10 ವರ್ಷಗಳಲ್ಲಿ 6 ವರ್ಷ ಬೆಳೆ ಚೆನ್ನಾಗಿತ್ತು ಅಂತಿಟ್ಟುಕೊಳ್ಳಿ. 20ಕ್ಕೆ 12 ಅಂದರೂ, 10ಕ್ಕೆ 6 ಅಂದರೂ ಪಾಲು ಒಂದೇ. ಭರಣಿಯಿಂದ ವ್ಯತ್ಯಾಸವೇ ಆಗಲಿಲ್ಲ. ಅದೇ ಬಾರದ 10 ವರ್ಷದಲ್ಲಿ 2 ವರ್ಷ ಮಾತ್ರ ಒಳ್ಳೆ ಬೆಳೆ ಇದ್ದರೆ ಗಾದೆಯಲ್ಲಿ ಏನೋ ಹುರುಳಿದೆ, ಮುಂದೆ ಅಗೆಯಬೇಕು. ಮನೆಗಳಲ್ಲಿ ಗೀಟು ಕಮ್ಮಿ ಇದ್ದಷ್ಟೂ ಬಾಯಿ ಬಿಗಿ ಹಿಡಿದು ಮಾತಾಡಿ. ಹತ್ತು ವರ್ಷ ಬಹಳ ಚಿಕ್ಕ ಲೆಕ್ಕ.

ಮೂರನೇ, ನಾಲ್ಕನೇ ಮನೆಗಳನ್ನು ನಾವು ಸಾಮಾನ್ಯವಾಗಿ ನೋಡುವುದೇ ಇಲ್ಲ. ಈ ಔಷಧಿ ಕುಡಿದು ವಾಸಿಯಾದರು, ಈ ಹರಕೆ ಹೊತ್ತು ಪಾಸಾದರು ಅನ್ನುವಾಗಲೂ ಹೀಗೇ. ಕುಡಿಯದವರು ಎಷ್ಟು ಜನ ವಾಸಿಯಾದರು ಅಂತ ಕೇಳುವ ರೂಢಿ ಒಂದು ಊರಿಗೆ ಬಂದರೆ ಸಾಕು.

ಇಲ್ಲೇ ಕಡೂರಿನವರ ಸರದಿ ಬರುವುದು. ಮೂಡಿಗೆರೆಯ ರೋಬಸ್ಟಾ ತೋಟದಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಓಡಿಸುತ್ತಾರೆ. ಅಲ್ಲಿ ಬೆಳೆಗೂ ಭರಣಿಗೂ ನಂಟು ಹುಡುಕುವುದು ಕಷ್ಟ, ಸ್ಪ್ರಿಂಕ್ಲರ್ ಬಂದ ವರ್ಷದಿಂದಾಚೆ ಬೇರೆಯದೇ ಲೆಕ್ಕ ಬೇಕು. ಕಡೂರಿನ ಮಳೆಯಾಶ್ರಿತ ಹೊಲದಲ್ಲಿ ಹಾಗಲ್ಲ. ಭರಣಿಯಲ್ಲಿ ಹದವಾದರೆ ಹೊಲ ಉಳಬಹುದು, ಮುಂಗಾರು ಎಳ್ಳು, ಹೆಸರು ಬಿತ್ತಬಹುದು. ಗಾದೆ ಹುಟ್ಟಿದ್ದು ಬಯಲಿನ ಹೊಲದಲ್ಲಿ ಇರಬಹುದು, ತೋಟದಲ್ಲಿ ಅಲ್ಲ. ಇದು ನನ್ನ ಊಹೆ. ಮೂಡಿಗೆರೆ, ಕಡೂರು ಎರಡೂ ಕಡೆ ಗುಂಪುಗಳಿದ್ದು ನಾಲ್ಕು ಮನೆಯ ಹಾಳೆಗಳನ್ನು ಅದಲುಬದಲು ಮಾಡಿಕೊಂಡರೆ ಊಹೆ ಪರೀಕ್ಷೆಗೆ ಬರುತ್ತದೆ.

ಬೇಗ ಮುಗಿಯುವ ಇನ್ನೊಂದು

ವರ್ಷ ಕಾಯಲಾಗದ ಮಕ್ಕಳಿಗೆ ಒನಕೆ ಪ್ರಯೋಗ ಕೊಡಿ. ಗ್ರಹಣದ ಹೊತ್ತಿನಲ್ಲಿ ತಟ್ಟೆಯ ನೀರಿನಲ್ಲಿ ಒನಕೆ ತಾನಾಗೇ ನಿಲ್ಲುತ್ತದೆ, ಗ್ರಹಣ ಬಿಟ್ಟಾಗ ಬೀಳುತ್ತದೆ ಅಂತ ನಮ್ಮಲ್ಲಿ ನಂಬಿಕೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಲ್ಲೂ ಬೇಕಾದಷ್ಟು ಮನೆಯಂಗಳದಲ್ಲಿ ಒನಕೆ ನಿಂತಿತ್ತು. ಮುಂದಿನ ಗ್ರಹಣಕ್ಕೆ ಒಂದು ವಾರ ಮೊದಲು, ಗ್ರಹಣದ ದಿನ, ಒಂದು ವಾರ ಆದ ಮೇಲೆ, ಮೂರೂ ಸಲ ಅದೇ ತಟ್ಟೆ, ಅದೇ ಒನಕೆ, ಅದೇ ನೆಲ. ಬುಡ ಸಮತಟ್ಟಾಗಿರುವ ಭಾರದ ಒನಕೆ ತಾಳ್ಮೆಯಿಂದ ಹಿಡಿದು ನಿಲ್ಲಿಸಿದರೆ ಯಾವ ದಿನವಾದರೂ ನಿಲ್ಲುತ್ತದೆ. ನೀವು ಹೇಳಬೇಡಿ, ಅಜ್ಜಿಯ ಎದುರಿಗೆ ಮಕ್ಕಳೇ ನಿಲ್ಲಿಸಿ ತೋರಿಸಲಿ. ಅಜ್ಜಿಯನ್ನು ನಗೆಪಾಟಲು ಮಾಡುವಂತಿಲ್ಲ ಅನ್ನುವ ಷರತ್ತಿನ ಮೇಲೆ.

‘ಇವತ್ತು ರಾತ್ರಿ ಕಾಸ್ಮಿಕ್ ಕಿರಣ ಬರುತ್ತದೆ, ಮೊಬೈಲ್ ಆಫ್ ಮಾಡಿ’ ಅನ್ನುವ ವಾಟ್ಸಾಪ್ ಸಂದೇಶ ವರ್ಷಕ್ಕೊಮ್ಮೆಯಾದರೂ ಬಂದೇ ಬರುತ್ತದೆ. ಅದಕ್ಕೆ ಮೂರು ಪ್ರಶ್ನೆ ಸಾಕು: ಯಾವ ತಾರೀಖಿನದು, ಯಾರು ಹೇಳಿದ್ದು, ಹೋದ ವರ್ಷ ಬಂದಾಗ ಏನಾಯಿತು.

ದೊಡ್ಡ ಸಂಸ್ಥೆಗಳ ಬಾಗಿಲು ತಟ್ಟುವುದು

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆ, ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರವೇ ಇವೆ. ‘ಗಿಡ ಸಾಯ್ತಿದೆ ಸಾರ್, ಏನು ಹೊಡೀಬೇಕು?’ ಅಂತ ಹೋಗುವವರೇ ಜಾಸ್ತಿ. ನೀವು ಅಂಕಿ ಹಿಡಿದು ಹೋಗಿ. ಕಾಫಿ ಗಿಡದ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಹುಳದ (ಬೋರರ್) ಬಗ್ಗೆ ಕೇಳಬೇಕಿದ್ದರೆ ಮೊದಲು ಒಂದು ಬ್ಲಾಕಿನಲ್ಲಿ ಸಾಲು ಬಿಡದೆ ನಡೆದು ಪ್ರತಿ ಹತ್ತನೇ ಗಿಡ ನೋಡಿ, ನೂರು ಗಿಡದಲ್ಲಿ ಎಷ್ಟಕ್ಕೆ ಬೋರರ್ ಬಿದ್ದಿದೆ ಅಂತ ಎಣಿಸಿ. ರಸ್ತೆ ಬದಿಯ ಗಿಡಗಳನ್ನಷ್ಟೇ ನೋಡಬೇಡಿ, ಹುಳ ಬಿದ್ದದ್ದನ್ನೇ ಹುಡುಕಿಕೊಂಡೂ ಹೋಗಬೇಡಿ. ನೆರಳು ಜಾಸ್ತಿ ಇರುವ ಬ್ಲಾಕಿನದು ಒಂದು, ಬಯಲಾಗಿರುವುದು ಒಂದು ಎಣಿಸಿದರೆ ಇನ್ನೂ ಒಳ್ಳೆಯದು. ಆ ಹುಳದ ದುಂಬಿಗಳು ಹೊರಬಂದು ಹಾರಾಡುವುದು ಏಪ್ರಿಲ್–ಮೇಯಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಎಣಿಕೆಯನ್ನು ಅದಕ್ಕೆ ಮೊದಲೇ ಮಾಡಿ. ಇಷ್ಟು ಮಾಡಿಕೊಂಡು ಹೋದವರ ಜೊತೆ ವಿಜ್ಞಾನಿಗಳು ಕೂತು ಮಾತಾಡುತ್ತಾರೆ, ಬರೀ ಚೀಟಿ ಬರೆದು ಕಳಿಸುವುದಿಲ್ಲ.

ಮಕ್ಕಳಿಗೆ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಇದೆ. 1993ರಿಂದ ನಡೆಯುತ್ತಿದೆ, 10ರಿಂದ 17 ವರ್ಷದವರಿಗೆ. ತಮ್ಮೂರಿನ ಸಮಸ್ಯೆಯೊಂದನ್ನು ಹಿಡಿದು ಸಣ್ಣ ತಂಡದಲ್ಲಿ ಅಧ್ಯಯನ ಮಾಡಬೇಕು. ನಿಮ್ಮ ಮಳೆ ಪುಸ್ತಕ ಅದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಆದರೆ ಪ್ರಾಜೆಕ್ಟ್ ಬರೆಯುವವರು ಮಕ್ಕಳೇ ಆಗಿರಲಿ. ಮೇಷ್ಟ್ರು ಬರೆದು ಮಗು ಬಾಯಿಪಾಠ ಒಪ್ಪಿಸುವುದನ್ನು ತೀರ್ಪುಗಾರರು ಎರಡನೇ ಪ್ರಶ್ನೆಗೇ ಹಿಡಿಯುತ್ತಾರೆ.

ಊರಿಗೆ ಹೇಳುವುದು

ವರದಿ ಬೇಡ. ಹಾಲಿನ ಡೈರಿಯ ಗೋಡೆಗೆ ಒಂದು ಡ್ರಾಯಿಂಗ್ ಶೀಟ್ ಅಂಟಿಸಿ, ವಾರಕ್ಕೊಂದು ಕಂಬದ ಹಾಗೆ ಮಳೆಯನ್ನು ಬಣ್ಣದಲ್ಲಿ ಏರಿಸುತ್ತಾ ಹೋಗಿ. ಪಕ್ಕದಲ್ಲಿ ಹೋದ ವರ್ಷದ್ದು. ಹಾಲು ಹಾಕಲು ಬಂದವರು ನಿಂತು ನೋಡುತ್ತಾರೆ, ‘ಇಷ್ಟೇನಾ? ನಮ್ಮಲ್ಲಿ ಜಾಸ್ತಿ ಬಂತು’ ಅನ್ನುತ್ತಾರೆ. ಹಾಗೆ ಅಂದವರಿಗೆ ತಕ್ಷಣ ಒಂದು ಬಾಟಲಿ ಮಾಪಕ ಕೊಡಿ. ಗುಂಪು ಬೆಳೆಯುವುದು ಹೀಗೇ.

ಗ್ರಾಮಸಭೆಯಲ್ಲಿ ಐದು ನಿಮಿಷ ಕೇಳಿ. ಏನು ಕೇಳಿದೆವು, ಹೇಗೆ ಅಳೆದೆವು, ಏನು ಸಿಕ್ಕಿತು, ಎಲ್ಲಿ ಅನುಮಾನ ಉಳಿದಿದೆ. ಕೊನೆಯದನ್ನು ನುಂಗಬೇಡಿ. ಏನೂ ವ್ಯತ್ಯಾಸ ಸಿಗಲಿಲ್ಲ ಅನ್ನುವುದೂ ಉತ್ತರವೇ, ಅದನ್ನೂ ಅಷ್ಟೇ ಜೋರಾಗಿ ಹೇಳಿ. ಮಾತಾಡುವವರು ಅಳೆದವರೇ ಆಗಿರಲಿ, ಮುಖ್ಯ ಅತಿಥಿ ಅಲ್ಲ.

ಶುರು ಮಾಡಲು ಒಳ್ಳೆ ಹೊತ್ತು ಫೆಬ್ರವರಿ ಕೊನೆ. ಹೂಮಳೆಗೆ ಮುಂಚೆ ಮಾಪಕ ಕೂತಿರುತ್ತದೆ, ಜೂನ್ ಹೊತ್ತಿಗೆ ಕೈ ಪಳಗಿರುತ್ತದೆ. ಪುಸ್ತಕದ ಮೊದಲ ಪುಟದಲ್ಲಿ ಮಾಪಕ ಎಲ್ಲಿದೆ, ಬಾಯಿ ಎಷ್ಟು ಅಗಲ, ಹತ್ತಿರದ ಮರ ಎಷ್ಟು ದೂರ ಅಂತ ಬರೆದು ಒಂದು ನಕ್ಷೆ ಎಳೆದಿಡಿ. ಡಿಸೆಂಬರ್ 31ರ ಅಳತೆ ಬರೆದ ಮೇಲೆ ಎಲ್ಲ ಪುಟಗಳ ಫೋಟೋ ತೆಗೆದು ಜೆರಾಕ್ಸ್ ಮಾಡಿಸಿ. ಒಂದು ಪ್ರತಿ ಅರಿವು ಕೇಂದ್ರಕ್ಕೆ, ಒಂದು ಶಾಲೆಗೆ, ಒಂದು ಹಳೆ ಮಳೆ ಪುಸ್ತಕ ತೋರಿಸಿದ ಮನೆಗೆ.